ಕಾಣದ ಗಾಯವೂ ಯೌವನಸ್ಥನ ಆಟವೂ



ಅಪೊಸ್ತಲರ ಕೃತ್ಯಗಳ ಪುಸ್ತಕದ 20ನೆಯ ಅಧ್ಯಾಯದಲ್ಲಿ ತ್ರೋವವೆಂಬ ಊರಿನ ಒಬ್ಬ ಯೌವನಸ್ಥನ ಸಂಗತಿಯನ್ನು ನಾವೆಲ್ಲರೂ ಓದಿದ್ದೇವೆ. ಪೌಲನು ಮೇಲಿನ ಕೋಣೆಯೊಂದರಲ್ಲಿ ಮಧ್ಯರಾತ್ರಿಯ ವರೆಗೆ ಮಾತಾಡುತ್ತಿದ್ದನು. ಅಲ್ಲಿ ಬಹಳ ದೀಪಗಳು ಉರಿಯುತ್ತಿದ್ದವು. ಕಿಟಕಿಯಲ್ಲಿ ಕೂತಿದ್ದ ಯೂತಿಕನೆಂಬವನು ನಿದ್ರೆಯ ಭಾರದಿಂದ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದನು. ಎತ್ತಿದವರು ಅವನು ಸತ್ತನೆಂದೇ ತಿಳಿದರು. ಪೌಲನಾದರೋ ಇಳಿದು ಹೋಗಿ ಅವನನ್ನು ತಬ್ಬಿಕೊಂಡು, ಕಳವಳಪಡುತ್ತಿದ್ದ ಜನರನ್ನು ಸಮಾಧಾನಪಡಿಸಿದನು. ಕಡೆಗೆ ಹುಡುಗನು ಜೀವದಿಂದ ಮನೆ ಸೇರಿದನು. ಪ್ರಸಂಗದ ವೇಳೆಯಲ್ಲಿ ನಿದ್ರಿಸಿದ್ದಕ್ಕಾಗಿ ಯಾರಾದರೂ ಅವನನ್ನು ಗದರಿಸಿದರೆಂದು ಲೂಕನು ಬರೆಯಲಿಲ್ಲ. ಪೌಲನ ಸ್ಥಾನದಲ್ಲಿ ನಮ್ಮಂಥ ಉಪದೇಶಿಗಳು ಇದ್ದಿದ್ದರೆ ಒಂದೆರಡು ಬುದ್ಧಿಮಾತುಗಳನ್ನು ಹೇಳದೆ ಬಿಡುತ್ತಿದ್ದೆವೋ ಎಂಬದು ಸಂದೇಹವೇ.

ಆ ರಾತ್ರಿಯ ತರುವಾಯ ಅವನ ದಿನಗಳು ಹೇಗೆ ಕಳೆದವೆಂದು ವೇದವು ಹೇಳುವದಿಲ್ಲ. ಆದರೆ ನಮ್ಮ ಊರುಗಳಲ್ಲಿ ಬಿದ್ದು ಎದ್ದ ಯೌವನಸ್ಥರಿಗೆ, ಬಿದ್ದ ದಿನಕ್ಕಿಂತ ತರುವಾಯದ ದಿನಗಳೇ ಹೆಚ್ಚು ಕಷ್ಟವಾಗಿರುವದನ್ನು ನಾವು ಕಂಡಿದ್ದೇವೆ. ಒಬ್ಬನು ಮೋಟರ್‌ಸೈಕಲ್ಲಿನಿಂದ ಜಾರಿ ಬೀಳುತ್ತಾನೆ. ಒಬ್ಬನು ಹುಣಸೆಯ ಮರದಿಂದ ಬೀಳುತ್ತಾನೆ. ಒಬ್ಬನಿಗೆ ಕಬಡ್ಡಿಯಲ್ಲಿ ಮತ್ತೊಬ್ಬನ ಮೊಣಕಾಲು ತಲೆಗೆ ಬಡಿಯುತ್ತದೆ. ಆಸ್ಪತ್ರೆಯವರು ದೊಡ್ಡದೇನೂ ಇಲ್ಲವೆಂದು ಹೇಳಿ ಕಳುಹಿಸುತ್ತಾರೆ. ಮನೆಯವರು ದೇವರನ್ನು ಸ್ತುತಿಸುತ್ತಾರೆ. ಅದು ಯುಕ್ತವೇ. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಸ್ತೋತ್ರವು ಗೊಣಗಾಟವಾಗಿ ಮಾರ್ಪಡುವದನ್ನು ನೋಡಿದರೆ, ಸಭೆಯವರಾದ ನಾವು ಈ ವಿಷಯದಲ್ಲಿ ಸ್ವಲ್ಪ ಆಲೋಚಿಸುವದು ಅವಶ್ಯವೆಂದು ತೋರುತ್ತದೆ.

ನಾವು ಸೇವೆಮಾಡುವ ಸಭೆಯಲ್ಲಿ ನಡೆದದ್ದನ್ನೇ ಹೇಳುವೆವು. ಹದಿನೇಳು ವರ್ಷದ ಒಬ್ಬ ಹುಡುಗನು ಸಂತೆಯಿಂದ ಗೆಳೆಯನ ಮೋಟರ್‌ಸೈಕಲ್ಲಿನ ಹಿಂದೆ ಕೂತು ಬರುತ್ತಿರುವಾಗ ನಾಯಿ ಅಡ್ಡ ಬಂದು ಇಬ್ಬರೂ ಬಿದ್ದರು. ಅವನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ನಾಲ್ಕೈದು ನಿಮಿಷ ಅವನಿಗೆ ಎಚ್ಚರವಿರಲಿಲ್ಲ. ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದು ನೋಡಿದರು; ಎಲುಬು ಮುರಿದಿರಲಿಲ್ಲ, ರಕ್ತ ಸುರಿದಿರಲಿಲ್ಲ. ಮಾರನೆಯ ದಿನ ಅವನು ತನ್ನ ಕಾಲಿನಿಂದಲೇ ನಡೆದು ಮನೆಗೆ ಬಂದನು. ಒಂದು ವಾರದ ಮೇಲೆ ತಂದೆಯು ಅವನನ್ನು ಹತ್ತಿ ಬಿಡಿಸುವದಕ್ಕೆ ಕರೆದಾಗ, ಬಿಸಿಲಿನಲ್ಲಿ ತಲೆ ತಿರುಗುತ್ತದೆಂದು ಹೇಳಿ ಬದುವಿನ ಮೇಲೆ ಕೂತುಬಿಟ್ಟನು. ಪುಸ್ತಕ ಹಿಡಿದರೆ ಅಕ್ಷರಗಳು ಒಂದರೊಳಗೊಂದು ಓಡುತ್ತವೆ ಎಂದನು. ಮೊದಲು ಶಾಂತನಾಗಿದ್ದವನು ತಂಗಿಯ ಮೇಲೆ ಸುಮ್ಮಸುಮ್ಮನೆ ಸಿಟ್ಟುಮಾಡತೊಡಗಿದನು.

ಮೂರನೆಯ ವಾರದಲ್ಲಿ ಒಂದು ಸಂಜೆ ಅವನು ಶಾಲೆಯ ಬಯಲಿನಲ್ಲಿ ಚಿಕ್ಕ ಹುಡುಗರ ಸಂಗಡ ಚೆಂಡು ಎಸೆಯುತ್ತಿರುವದನ್ನು ಜನರು ಕಂಡರು. ಅವನ ತಂದೆಯು ನಮ್ಮ ಬಳಿಗೆ ಬಂದು, “ಉಪದೇಶಿಯವರೇ, ಹೊಲಕ್ಕೆ ಬಾ ಎಂದರೆ ತಲೆನೋವು, ಆಟಕ್ಕೆ ಹೋಗುವಾಗ ತಲೆನೋವಿಲ್ಲ. ಇದು ಯಾವ ಸೀಮೆಯ ತಲೆನೋವು?” ಎಂದು ಕೇಳಿದನು. ನಾವು ನಕ್ಕೆವು. ನಕ್ಕದ್ದು ಮಾತ್ರವಲ್ಲ, ಬಂದ ಆದಿತ್ಯವಾರದಲ್ಲಿ ಗಾಯನ ಮಂಡಳಿಯವರೆಲ್ಲರ ಎದುರಿನಲ್ಲಿ ಅವನ ಸೋಮಾರಿತನದ ವಿಷಯವಾಗಿ ಕಠಿಣವಾಗಿ ಮಾತಾಡಿದೆವು. ಅವನು ಎದುರಾಡಲಿಲ್ಲ. ತಲೆ ತಗ್ಗಿಸಿಕೊಂಡು ಎದ್ದು ಹೋದನು. ಮೂರು ಆದಿತ್ಯವಾರ ಆರಾಧನೆಗೆ ಬರಲಿಲ್ಲ. ಈ ತಪ್ಪು ನಮ್ಮದು. ಇಂಥ ತಪ್ಪು ಬೇರೆ ಸಭೆಗಳಲ್ಲಿ ಆಗಬಾರದೆಂದು ಇದನ್ನು ಬರೆಯುತ್ತೇವೆ.

ಆ ತಂದೆಯ ಪ್ರಶ್ನೆಯನ್ನು ನಾವು ನಗೆಗೆ ತೆಗೆದುಕೊಂಡೆವು. ಆದರೆ ಅದು ಭಾರವಾದ ಪ್ರಶ್ನೆ. ಕೆಲಸ ಮಾಡಲಾರದವನು ಆಟವಾಡಬಹುದೋ? ಹೊಲಕ್ಕೆ ಹೋಗದವನಿಗೆ ಬಯಲಿಗೆ ಹೋಗುವ ಹಕ್ಕು ಉಂಟೋ? ಇದಕ್ಕೆ ಉತ್ತರ ಹೇಳುವದಕ್ಕಿಂತ ಮೊದಲು ಆ ಪೆಟ್ಟು ಎಂಥದೆಂಬದನ್ನು ತಿಳಿಯಬೇಕು.

ಮನುಷ್ಯನ ಮಿದುಳು ಬಹು ಮೃದುವಾದ ಅಂಗವಾಗಿದ್ದು ತಲೆಬುರುಡೆಯೊಳಗೆ ತಿಳಿನೀರಿನಂಥ ದ್ರವದಲ್ಲಿ ಇಡಲ್ಪಟ್ಟಿದೆ. ಮೊಸರಿನ ಗಡಿಗೆಯನ್ನು ರಭಸದಿಂದ ಅಲುಗಾಡಿಸಿದರೆ ಗಡಿಗೆ ಒಡೆಯದಿದ್ದರೂ ಒಳಗಿನ ಮೊಸರಿನ ಕಟ್ಟು ಒಡೆಯುವದಲ್ಲವೇ? ಅದರಂತೆ ತಲೆಯು ಒಮ್ಮೆಲೆ ಕುಲುಕಿದಾಗ ಎಲುಬು ಮುರಿಯದಿದ್ದರೂ ನೂಲಿಗಿಂತ ಸಣ್ಣದಾದ ನರತಂತುಗಳು ಜಗ್ಗಲ್ಪಡುತ್ತವೆ. ಅವುಗಳ ಒಳಗೂ ಹೊರಗೂ ಇರಬೇಕಾದ ಲವಣಗಳು ಸ್ಥಳ ಬದಲಾಯಿಸುತ್ತವೆ. ಅವುಗಳನ್ನು ತಿರಿಗಿ ಕ್ರಮಕ್ಕೆ ತರುವದಕ್ಕೆ ಮಿದುಳಿಗೆ ಬಹಳ ಶಕ್ತಿ ಬೇಕು. ಆ ದಿನಗಳಲ್ಲಿಯೇ ಅದಕ್ಕೆ ಶಕ್ತಿ ಸಾಲದು. ಆದಕಾರಣ ತಲೆನೋವು, ತಲೆತಿರುಗು, ಬೆಳಕನ್ನೂ ಸಪ್ಪಳವನ್ನೂ ತಾಳಲಾರದಿರುವದು, ಮರೆವು, ಸಿಟ್ಟು, ನಿದ್ರೆಯ ಏರುಪೇರು ಇವೆಲ್ಲ ಉಂಟಾಗುತ್ತವೆ. ಆಸ್ಪತ್ರೆಯ ಚಿತ್ರವು ಮುರಿದ ಎಲುಬನ್ನೂ ಸುರಿದ ರಕ್ತವನ್ನೂ ತೋರಿಸುತ್ತದೆ. ಜಗ್ಗಿದ ತಂತುಗಳನ್ನು ಸಾಮಾನ್ಯವಾಗಿ ತೋರಿಸುವದಿಲ್ಲ. ಚಿತ್ರವು ಚೆನ್ನಾಗಿದೆ ಎಂದ ಮಾತ್ರಕ್ಕೆ ಹುಡುಗನು ಚೆನ್ನಾಗಿದ್ದಾನೆಂದು ತಿಳಿಯಬಾರದು.

ಇಂಥ ಪೆಟ್ಟಿಗೆ ವೈದ್ಯರು ಕನ್‌ಕಷನ್ ಎಂದೂ ಮಿದುಳಿನ ಲಘುವಾದ ಪೆಟ್ಟು ಎಂದೂ ಹೇಳುತ್ತಾರೆ. ಗ್ಲಾಸ್ಗೋ ಪಟ್ಟಣದ ಇಬ್ಬರು ವೈದ್ಯರು 1974ರಲ್ಲಿ ಒಂದು ಅಳತೆಯನ್ನು ಏರ್ಪಡಿಸಿದರು. ಗಾಯಪಟ್ಟವನು ಕಣ್ಣು ತೆರೆಯುವದನ್ನೂ ಮಾತಾಡುವದನ್ನೂ ಕೈಕಾಲು ಆಡಿಸುವದನ್ನೂ ನೋಡಿ 3ರಿಂದ 15ರ ವರೆಗೆ ಅಂಕ ಕೊಡುತ್ತಾರೆ. 13ರಿಂದ 15 ಇದ್ದು, ಎಚ್ಚರ ತಪ್ಪಿದ್ದರೂ ಅರ್ಧ ತಾಸಿಗಿಂತ ಹೆಚ್ಚಾಗಿರದೆ, ನೆನಪಿನ ಮಬ್ಬು ಒಂದು ದಿನದೊಳಗೆ ತಿಳಿಯಾದರೆ ಅದು ಲಘುವೆನಿಸುತ್ತದೆ. ಎಚ್ಚರ ತಪ್ಪದೆಯೂ ಈ ಪೆಟ್ಟು ಆಗಬಹುದು. ಲಘು ಎಂಬದು ವೈದ್ಯರ ಅಳತೆಯ ಮಾತು. ಅನುಭವಿಸುವವನಿಗೆ ಅದು ಲಘುವಲ್ಲ. ಹೆಚ್ಚಿನ ಯೌವನಸ್ಥರು ನಾಲ್ಕು ವಾರಗಳೊಳಗೆ ಗುಣಹೊಂದುತ್ತಾರೆ. ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ.

ಈಗ ತಂದೆಯ ಪ್ರಶ್ನೆಗೆ ಬರುವ. ಸಂಜೆಯ ತಂಪಿನಲ್ಲಿ, ಬೇಕೆಂದಾಗ ನಿಲ್ಲಿಸಬಹುದಾದ ಅರ್ಧ ತಾಸಿನ ಚೆಂಡಾಟವೂ, ಬಿಸಿಲಿನಲ್ಲಿ ಬೊಗ್ಗಿಕೊಂಡು ಎಂಟು ತಾಸು ಮಾಡುವ ದುಡಿತವೂ ಒಂದೇ ಅಳತೆಯವುಗಳೋ? ಎತ್ತಿನ ಹೆಗಲಿಗೆ ಹುಣ್ಣಾದರೆ ರೈತನು ಅದಕ್ಕೆ ನೊಗ ಹೂಡುವದಿಲ್ಲ. ಹಾಗೆಂದು ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿಯೂ ಇಡುವದಿಲ್ಲ, ಮೇಯಲು ಬಿಡುತ್ತಾನೆ. ಎತ್ತು ಹುಲ್ಲುಗಾವಲಿನಲ್ಲಿ ತಿರುಗಾಡುವದನ್ನು ಕಂಡು, “ಇದು ಮೇಯಲು ಬಲ್ಲದು, ಎಳೆಯಲು ಒಲ್ಲದು, ಕಳ್ಳ ಎತ್ತು” ಎಂದು ಯಾವ ರೈತನು ಹೇಳಿದ್ದಾನೆ? ಎತ್ತಿನ ಹುಣ್ಣು ನಮ್ಮ ಕಣ್ಣಿಗೆ ಕಾಣುತ್ತದೆ; ಮಗನ ಹುಣ್ಣು ಕಾಣುವದಿಲ್ಲ; ವ್ಯತ್ಯಾಸವು ಇಷ್ಟೇ. ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯು ನ್ಯಾಯಸ್ಥಾನಕ್ಕೆ ಮಾತ್ರ ಸಂಬಂಧಪಟ್ಟದ್ದೆಂದು ನಾವು ನೆನಸುತ್ತೇವೆ. ಒಬ್ಬನ ಒಳಗಿನ ನೋವನ್ನು ನೋಡದೆ, ನೋವೇ ಇಲ್ಲವೆಂದು ಊರಿನ ಮುಂದೆ ಹೇಳುವವನು ತಾನು ಕಾಣದ್ದಕ್ಕೆ ಸಾಕ್ಷಿ ಹೇಳಿದವನಾಗುತ್ತಾನೆ. ನಾವು ಗಾಯನ ಮಂಡಳಿಯ ಎದುರಿನಲ್ಲಿ ಮಾಡಿದ್ದು ಅದನ್ನೇ.

ಇದಲ್ಲದೆ, ಅಳತೆಯರಿತ ಆಟವು ಇಂಥವನಿಗೆ ಔಷಧವೂ ಆಗಿದೆ. ಮೊದಲು ವೈದ್ಯರು ಸಹ ತಲೆಗೆ ಪೆಟ್ಟಾದವನನ್ನು ಬಹು ದಿವಸ ಕತ್ತಲೆಯ ಕೋಣೆಯಲ್ಲಿ ಮಲಗಿಸಬೇಕೆಂದು ಹೇಳುತ್ತಿದ್ದರು. ಅಮೇರಿಕಾ ದೇಶದಲ್ಲಿ 11ರಿಂದ 22 ವರ್ಷದ ವರೆಗಿನವರನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಸಂಗತಿಯೇನಂದರೆ, ಐದು ದಿವಸ ಕಟ್ಟುನಿಟ್ಟಾಗಿ ಮಲಗಿಸಲ್ಪಟ್ಟವರು, ಒಂದೆರಡು ದಿವಸ ವಿಶ್ರಮಿಸಿ ಮೆಲ್ಲಗೆ ಎದ್ದವರಿಗಿಂತ ಹೆಚ್ಚು ಬಾಧೆಗಳನ್ನು ಹೇಳಿಕೊಂಡರು. ಆಟದಲ್ಲಿ ಪೆಟ್ಟು ತಿಂದ 103 ಮಂದಿ ಹರೆಯದವರನ್ನು ಎರಡು ಗುಂಪುಮಾಡಿ ನಡಿಸಿದ ಮತ್ತೊಂದು ಪರೀಕ್ಷೆಯು 2019ರಲ್ಲಿ ಪ್ರಕಟವಾಯಿತು. ಬಾಧೆ ಹೆಚ್ಚಾಗದಷ್ಟು ಮಟ್ಟಿಗೆ ದಿನಾಲು ನಡಿಗೆ ಮೊದಲಾದ ಲಘುವ್ಯಾಯಾಮ ಮಾಡಿದವರು ಸುಮಾರು 13 ದಿನಗಳಲ್ಲಿಯೂ, ಕೈಕಾಲು ಚಾಚುವ ಸಾಧನೆ ಮಾತ್ರ ಮಾಡಿದವರು ಸುಮಾರು 17 ದಿನಗಳಲ್ಲಿಯೂ ಗುಣಹೊಂದಿದರು. 2022ರಲ್ಲಿ ಆಮ್‌ಸ್ಟರ್‌ಡಾಮ್ ಪಟ್ಟಣದಲ್ಲಿ ಕೂಡಿದ ನಾನಾ ದೇಶಗಳ ತಜ್ಞರ ಕೂಟವೂ, ಮೊದಲ ಎರಡು ದಿನ ಮಿತವಾದ ವಿಶ್ರಾಂತಿಯನ್ನೂ ಅನಂತರ ಮೆಟ್ಟಲುಮೆಟ್ಟಲಾಗಿ ಚಟುವಟಿಕೆಯನ್ನೂ ಒಪ್ಪಿಕೊಂಡಿತು. ಹೀಗಿರಲಾಗಿ ಶಾಲೆಯ ಬಯಲಿನಲ್ಲಿ ಮೆಲ್ಲಗೆ ಚೆಂಡು ಎಸೆಯುತ್ತಿದ್ದ ಹುಡುಗನು, ತಾನು ಅರಿಯದೆ, ತನಗೆ ಹಿತವಾದದ್ದನ್ನೇ ಮಾಡುತ್ತಿದ್ದನು.

ಆದರೆ ವಾಚಕರೇ, ಆಟವು ಔಷಧವಾದದ್ದರಿಂದಲೇ ಅದು ನ್ಯಾಯವೆಂದು ಹೇಳಿ ಇಲ್ಲಿಗೇ ಬಿಟ್ಟರೆ ನಾವು ಪ್ರಶ್ನೆಯ ಬೇರನ್ನು ಮುಟ್ಟಲಿಲ್ಲ. ದುಡಿತವೇ ಸಾಲ, ಆಟವು ಅದರ ಕೂಲಿ, ದುಡಿಯದವನಿಗೆ ಕೂಲಿಯಿಲ್ಲ ಎಂಬ ಎಣಿಕೆ ನಮ್ಮ ಮನಸ್ಸಿನ ತಳದಲ್ಲಿ ಕೂತಿದೆ. ಇದು ಸುಮ್ಮನೆ ಬಂದದ್ದಲ್ಲ. ನಮ್ಮ ಹಿರಿಯರು ಕ್ರಿಸ್ತನ ಮಾರ್ಗವನ್ನು ಹಿಡಿದಾಗ ಜೂಜನ್ನೂ ಕುಡಿತವನ್ನೂ ಕೋಳಿಯ ಜಗಳವನ್ನೂ ಬಿಟ್ಟು ಹೊರಗೆ ಬಂದರು. ಆ ಬಿಡುಗಡೆಯು ದೊಡ್ಡದು. ಅದಕ್ಕಾಗಿ ಅವರು ನಿಂದೆಯನ್ನು ಸಹಿಸಿದರು. ಆದರೆ ಕೆಟ್ಟ ಆಟವನ್ನು ಬಿಟ್ಟವರ ಮಕ್ಕಳಾದ ನಾವು ಎಲ್ಲಾ ಆಟವನ್ನು ಸಂಶಯದಿಂದ ನೋಡುವ ಅಭ್ಯಾಸವನ್ನೂ ಬಾಧ್ಯವಾಗಿ ಹೊಂದಿದೆವು. ಹೊಲದಲ್ಲಿ ಕಳೆ ಕಿತ್ತವನು ಕಳೆಯ ಸಂಗಡ ಪೈರನ್ನೂ ಕಿತ್ತ ಹಾಗಾಯಿತು.

ಆದಿಕಾಂಡವನ್ನು ತೆರೆದು ದಿನಗಳನ್ನು ಎಣಿಸಿರಿ. ಮನುಷ್ಯನು ಉಂಟಾದದ್ದು ಆರನೆಯ ದಿನದಲ್ಲಿ. ಏಳನೆಯದು ವಿಶ್ರಾಂತಿಯ ದಿನ. ಹಾಗಾದರೆ ಮನುಷ್ಯನು ಕಂಡ ಮೊದಲನೆಯ ಪೂರ್ಣ ದಿನವು ಯಾವದು? ದುಡಿತದ ದಿನವಲ್ಲ, ವಿಶ್ರಾಂತಿಯ ದಿನ. ಅಷ್ಟರೊಳಗೆ ಅವನು ಒಂದು ಗುದ್ದಲಿಯನ್ನೂ ಹಿಡಿದಿರಲಿಲ್ಲ, ಒಂದು ಗುಂಟೆಯನ್ನೂ ಅಗೆದಿರಲಿಲ್ಲ. ಸಬ್ಬತ್ತು ಆರಾಧನೆಗಾಗಿ ಕೊಡಲ್ಪಟ್ಟದ್ದು, ಆಟಕ್ಕಾಗಿ ಅಲ್ಲವೆಂದು ಯಾರಾದರೂ ಹೇಳಾರು. ನಿಜ. ಆದರೂ ದೇವರು ವಿರಾಮವನ್ನು ಕೂಲಿಯಾಗಿ ತೂಗಿ ಕೊಡಲಿಲ್ಲ, ದಾನವಾಗಿ ಮೊದಲೇ ಕೊಟ್ಟನೆಂಬದು ಇದರಿಂದ ತೋರುತ್ತದೆ. ಪ್ರವಾದಿಯಾದ ಎಲೀಯನು ಅಡವಿಯಲ್ಲಿ ಸೋತು ಮಲಗಿ ಸಾವನ್ನು ಬೇಡಿಕೊಂಡಾಗ ದೂತನು ಅವನಿಗೆ ಬುದ್ಧಿ ಹೇಳಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟು ತಿರಿಗಿ ನಿದ್ರಿಸಗೊಟ್ಟನು. ಕೆಲಸವನ್ನು ನೇಮಿಸಿದ್ದು ಆಮೇಲೆ. ಪ್ರವಾದಿಯಾದ ಜೆಕರ್ಯನಾದರೋ ತನ್ನ 8ನೆಯ ಅಧ್ಯಾಯದಲ್ಲಿ ದೇವರು ತಿರಿಗಿ ಕಟ್ಟುವ ಯೆರೂಸಲೇಮನ್ನು ವರ್ಣಿಸುವಾಗ, ಕೋಲು ಹಿಡಿದ ಮುದುಕರು ಬೀದಿಗಳಲ್ಲಿ ಕೂತಿರುವದನ್ನೂ ಹುಡುಗರೂ ಹುಡುಗಿಯರೂ ಅಲ್ಲಿ ಆಡುವದನ್ನೂ ಆಶೀರ್ವಾದದ ಗುರುತಾಗಿ ಹೇಳಿದ್ದಾನೆ. ಆ ಮಕ್ಕಳು ಅಂದಿನ ಕೆಲಸ ಮುಗಿಸಿದ್ದಾರೋ ಎಂದು ಅವನು ವಿಚಾರಿಸುವದಿಲ್ಲ.

ಹಾಗಾದರೆ ದುಡಿಯದವನು ಉಣ್ಣಬಾರದೆಂದು ಪೌಲನು ಥೆಸಲೊನೀಕದವರಿಗೆ ಅಪ್ಪಣೆಕೊಟ್ಟನಲ್ಲಾ ಎಂದು ಕೇಳುವಿರಿ. ಆ ಮಾತು ದುಡಿಯಲು ಮನಸ್ಸಿಲ್ಲದವನಿಗೆ ಹೇಳಿದ್ದು; ಮನಸ್ಸಿದ್ದು ಶಕ್ತಿಯಿಲ್ಲದವನಿಗೆ ಅಲ್ಲ. ಇವರಿಬ್ಬರನ್ನು ಒಂದೇ ಕೋಲಿನಿಂದ ಹೊಡೆಯುವವನು ಅಪೊಸ್ತಲನ ಮಾತನ್ನು ಸರಿಯಾಗಿ ಓದಿದವನಲ್ಲ. ಕಳ್ಳತನ ಮಾಡುವ ಹುಡುಗರು ಇಲ್ಲವೋ? ಇದ್ದಾರೆ. ಅಂಥವನನ್ನು ಗುರುತಿಸುವದಕ್ಕೆ ಒಂದು ದಾರಿಯುಂಟು: ಅವನ ಸಂಗಡ ಕೂತುಕೊಂಡು, ತೀರ್ಪುಮಾಡದೆ ಕೇಳುವದು. ನಾವು ಇದನ್ನು ತಡವಾಗಿ ಮಾಡಿದೆವು.

ಮೂರನೆಯ ಆದಿತ್ಯವಾರದ ಸಂಜೆ ನಾವು ಆ ಹುಡುಗನ ಮನೆಗೆ ಹೋದೆವು. ಬಹಳ ಹೊತ್ತು ಅವನು ಮಾತಾಡಲಿಲ್ಲ. ಕಡೆಗೆ ಹೇಳಿದ್ದೇನಂದರೆ: “ಉಪದೇಶಿಯವರೇ, ಹೊಲದಲ್ಲಿ ನಾನು ಮೊದಲಿನ ಹಾಗಿಲ್ಲವೆಂಬದು ಎಲ್ಲರಿಗೂ ಕಾಣುತ್ತದೆ. ಕಾಲೇಜಿನಲ್ಲಿಯೂ ಕಾಣುತ್ತದೆ. ನನ್ನ ಜೊತೆಯವರ ಸಂಗಡ ಕ್ರಿಕೆಟ್ ಆಡಲಾರೆ, ಚೆಂಡು ಬರುವದು ನನಗೆ ತಡವಾಗಿ ತಿಳಿಯುತ್ತದೆ. ಆ ಸಣ್ಣ ಹುಡುಗರ ಸಂಗಡ ಚೆಂಡು ಎಸೆಯುವಾಗ ಮಾತ್ರ ಅರ್ಧ ತಾಸು ನಾನು ನಾನೇ ಎಂದು ಅನಿಸುತ್ತದೆ.” ಇದನ್ನು ಕೇಳಿ ನಾವು ನಾಚಿಕೊಂಡೆವು. ಯೌವನಸ್ಥನಿಗೆ ಆಟವೆಂಬದು ಕಾಲ ಕಳೆಯುವ ಸಾಧನ ಮಾತ್ರವಲ್ಲ. ಗೆಳೆಯರೊಳಗೆ ಅವನಿಗಿರುವ ಸ್ಥಾನವೂ ಹೆಸರೂ ಅದರಲ್ಲಿವೆ. ಅದು ಹೋದಾಗ ಸಂಜೆಯ ಹರಟೆಯೂ ನಗೆಯೂ ಕರೆಯುವ ಸ್ವರವೂ ಒಂದೊಂದಾಗಿ ಹೋಗುತ್ತವೆ. ಗೋಡೆಯ ಕಡೆಗೆ ಮುಖ ಮಾಡಿ ಮಲಗುವವನಿಗೆ ತಲೆಯ ನೋವಿನ ಮೇಲೆ ಮನಸ್ಸಿನ ನೋವೂ ಸೇರುತ್ತದೆ. ಈ ಎರಡನ್ನು ಬೇರ್ಪಡಿಸುವದು ವೈದ್ಯರಿಗೂ ಕಷ್ಟ.

ತಂದೆಯ ಸಂಶಯವು ಒಂದು ತಪ್ಪಾದರೆ, ಇನ್ನೂ ಮೂರು ತಪ್ಪುಗಳುಂಟು. ಮೊದಲನೆಯದು ತಾಯಿಯ ಭಯ. ಮಗನು ಮತ್ತೆ ಬಿದ್ದಾನೆಂದು ಅಂಜಿ ಅವಳು ಅವನನ್ನು ತಿಂಗಳುಗಟ್ಟಲೆ ಹೊಸ್ತಿಲು ದಾಟಗೊಡುವದಿಲ್ಲ. ಇದು ಪ್ರೀತಿಯಿಂದ ಬಂದರೂ ಸೆರೆಮನೆಯೇ.

ಎರಡನೆಯದು ಮೊಬೈಲು. ಹೊರಗೆ ಹೋಗದವನ ಕೈಗೆ ಅದನ್ನು ಕೊಟ್ಟು, ಸುಮ್ಮನಿದ್ದಾನೆಂದು ಮನೆಯವರು ಸಮಾಧಾನಪಡುತ್ತಾರೆ. 12ರಿಂದ 25 ವರ್ಷದ 125 ಮಂದಿಯನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ್ದೇನಂದರೆ, ಪೆಟ್ಟಾದ ಮೊದಲ 48 ತಾಸು ಇಂಥ ಪರದೆಗಳನ್ನು ಬಿಟ್ಟವರ ಬಾಧೆ ಸುಮಾರು ಮೂರೂವರೆ ದಿನದಲ್ಲಿಯೂ, ಬಿಡದವರ ಬಾಧೆ ಸುಮಾರು 8 ದಿನದಲ್ಲಿಯೂ ತೀರಿತು. ಆದದರಿಂದ ಆ ಎರಡು ದಿನ ಮೊಬೈಲನ್ನು ಪೆಟ್ಟಿಗೆಯಲ್ಲಿಡುವದು ಒಳ್ಳೇದು. ಅನಂತರವೂ ತಲೆನೋವು ಹೆಚ್ಚಿಸುವಷ್ಟು ಬೇಡ.

ಮೂರನೆಯದು ಯೌವನಸ್ಥನ ಸ್ವಂತ ಹೆಮ್ಮೆಯೂ ಗೆಳೆಯರ ಅವಸರವೂ. ಮುಂದಿನ ವಾರ ಪಂದ್ಯವುಂಟೆಂದು ಅವನು ತಲೆನೋವನ್ನು ಮುಚ್ಚಿಡುತ್ತಾನೆ. ಕ್ರಿಕೆಟ್ಟನ್ನು ಮೆಚ್ಚುವ ನಮ್ಮ ಹುಡುಗರು ಒಂದು ಸಂಗತಿಯನ್ನು ನೆನಪಿನಲ್ಲಿಡಲಿ. 2019ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಮೈದಾನದಲ್ಲಿ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಎಂಬ ಹೆಸರಾದ ಆಟಗಾರನಿಗೆ ಜೋಫ್ರಾ ಆರ್ಚರನ ಚೆಂಡು ಕುತ್ತಿಗೆಯ ಬಳಿ ಬಡಿಯಿತು. ಪರೀಕ್ಷೆ ಮಾಡಿದಾಗ ದೋಷ ಕಾಣದೆ ಅವನು ಅದೇ ದಿನ ತಿರಿಗಿ ಬಂದು 92 ಓಟಗಳ ವರೆಗೆ ಆಡಿದನು. ಮಾರನೆಯ ದಿನ ಬಾಧೆಗಳು ತೋರಿದವು. ಅದೇ ತಿಂಗಳಿನಿಂದ ಜಾರಿಗೆ ಬಂದಿದ್ದ ಹೊಸ ನಿಯಮದ ಪ್ರಕಾರ ಅವನಿಗೆ ಬದಲಾಗಿ ಮಾರ್ನಸ್ ಲಬುಶೇನನು ಇಳಿದನು. ಟೆಸ್ಟ್ ಆಟದ ಚರಿತ್ರೆಯಲ್ಲಿ ಇಂಥ ಬದಲಿಗೆ ಇದೇ ಮೊದಲು. ಸ್ಮಿತ್ ಮುಂದಿನ ಪಂದ್ಯವನ್ನೂ ಬಿಟ್ಟು ವಿಶ್ರಮಿಸಿದನು; ಅದರ ಮುಂದಿನ ಪಂದ್ಯದಲ್ಲಿ ಬಂದು 211 ಓಟಗಳನ್ನು ಮಾಡಿದನು. ಬಾಧೆಯು ಒಂದು ದಿನ ತಡವಾಗಿ ತೋರಬಹುದೆಂಬದೂ, ಕಾದವನು ಕಳಕೊಳ್ಳಲಿಲ್ಲವೆಂಬದೂ ಇದರಿಂದ ತಿಳಿಯುತ್ತದೆ. ಮೊದಲಿನ ಪೆಟ್ಟು ಮಾಯುವದರೊಳಗೆ ಎರಡನೆಯ ಪೆಟ್ಟು ಬಿದ್ದರೆ, ಅಪರೂಪವಾಗಿಯಾದರೂ, ಮಿದುಳು ಬಾತು ಪ್ರಾಣವೇ ಹೋಗಬಹುದು. ದೇವರು ಕೊಟ್ಟ ತಲೆಯನ್ನು ಒಂದು ಸಂಜೆಯ ಹೆಸರಿಗಾಗಿ ಪಣಕ್ಕೆ ಇಡುವದು ಧೈರ್ಯವಲ್ಲ. ಅದು ನಮ್ಮ ಹಿರಿಯರು ಬಿಟ್ಟ ಜೂಜೇ.

ಹಾಗಾದರೆ ಮಾಡತಕ್ಕದ್ದೇನು? ತಲೆಗೆ ಪೆಟ್ಟು ತಗಲಿದ ಮೇಲೆ ಹೆಚ್ಚುತ್ತಲೇ ಇರುವ ತಲೆನೋವು, ಮೇಲಿಂದ ಮೇಲೆ ವಾಂತಿ, ಎಬ್ಬಿಸಿದರೂ ಏಳದಂಥ ನಿದ್ರೆ, ಸೆಳವು, ಮಾತಿನ ತೊದಲು, ಒಂದು ಕೈ ಇಲ್ಲವೆ ಕಾಲಿನ ನಿಶ್ಶಕ್ತಿ, ಕಿವಿ ಮೂಗುಗಳಿಂದ ನೀರು ಅಥವಾ ರಕ್ತ ಸೋರುವದು, ಇವುಗಳಲ್ಲಿ ಯಾವದು ಕಂಡರೂ ಒಂದು ಗಳಿಗೆಯೂ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಪ್ರಾರ್ಥನೆಯನ್ನು ದಾರಿಯಲ್ಲಿ ಮಾಡಬಹುದು. ಇವು ಕಾಣದೆ ವೈದ್ಯರು ಮನೆಗೆ ಕಳುಹಿಸಿದರೆ, ಒಂದೆರಡು ದಿನ ಮನೆಯಲ್ಲಿ ಮಿತವಾದ ವಿಶ್ರಾಂತಿ. ಅನಂತರ ಬೀದಿಯಲ್ಲಿ ನಡೆದಾಡಲಿ. ಕಟ್ಟೆಯ ಮೇಲೆ ಕೂತು ಗೆಳೆಯರ ಸಂಗಡ ಮಾತಾಡಲಿ. ಅಳಗುಳಿಮಣೆಯನ್ನೋ ಚೌಕಾಬಾರವನ್ನೋ ಆಡಲಿ. ಅದು ತಾಳಿದರೆ ಹೆಚ್ಚು ಹೊತ್ತಿನ ನಡಿಗೆ, ಮೆಲ್ಲಗೆ ಚೆಂಡು ಎಸೆಯುವದು. ಅದೂ ತಾಳಿದರೆ ಓಟ. ಒಂದೊಂದು ಮೆಟ್ಟಲಿಗೆ ಒಂದು ದಿನವಾದರೂ ಇರಲಿ. ಬಾಧೆ ಬಹಳ ಹೆಚ್ಚಿದರೆ ಅಲ್ಲಿಯೇ ನಿಲ್ಲಿಸಿ ಮಾರನೆಯ ದಿನ ಇನ್ನೂ ಮೆಲ್ಲಗೆ ತೊಡಗಲಿ. ಮೈಗೆ ಮೈ ತಾಗುವ ಕಬಡ್ಡಿ, ಗಟ್ಟಿ ಚೆಂಡಿನ ಕ್ರಿಕೆಟ್, ಈಜು, ಮರ ಹತ್ತುವದು, ಮೋಟರ್‌ಸೈಕಲ್ ಓಡಿಸುವದು ಇವೆಲ್ಲ ಕಡೆಯವು. ವೈದ್ಯರ ಒಪ್ಪಿಗೆಯಿಲ್ಲದೆ ಬೇಡ. ಮದ್ಯವನ್ನಂತೂ ಮುಟ್ಟಬಾರದು. ನಾಲ್ಕು ವಾರವಾದರೂ ಗುಣ ಕಾಣದಿದ್ದರೆ ತಿರಿಗಿ ವೈದ್ಯರಿಗೆ ತೋರಿಸಬೇಕು. ಕೆಲಸವನ್ನೂ ಓದನ್ನೂ ಇದೇ ಮೆಟ್ಟಲುಗಳ ಮೇಲೆಯೇ ಹತ್ತಿಸಬೇಕು: ಮೊದಲು ಬೆಳಗಿನ ತಂಪಿನಲ್ಲಿ ಒಂದು ತಾಸು, ಆಮೇಲೆ ಎರಡು ತಾಸು.

ಎಲ್ಲರಿಗೂ ಹಳೆಯ ಆಟವು ತಿರಿಗಿ ದೊರಕುವದೆಂದು ನಾವು ಮಾತು ಕೊಡಲಾರೆವು. ಕೆಲವರು ತಾವು ಪ್ರೀತಿಸಿದ ಆಟವನ್ನು ಬಿಡಲೇಬೇಕಾಗುತ್ತದೆ. ಅಂಥವನಿಗೆ, ಆಟವೇ ಹೋಯಿತಲ್ಲ ಜೀವವಲ್ಲ ಎಂದು ಹೇಳಿ ಅವನ ದುಃಖವನ್ನು ಹಗುರಮಾಡಬೇಡಿರಿ. ಅವನು ಕಳಕೊಂಡದ್ದು ನಿಜವಾದದ್ದು. ಅದಕ್ಕಾಗಿ ಅಳುವದು ಅವಿಶ್ವಾಸವಲ್ಲ. ಅವನಿಗಾಗಿ ಬೇರೆ ಸ್ಥಳವನ್ನು ಹುಡುಕುವದು ಸಭೆಯ ಕೆಲಸ. ಪಂದ್ಯದ ಲೆಕ್ಕ ಬರೆಯುವವನೊಬ್ಬನು ಬೇಕು. ಸಂಡೇಸ್ಕೂಲಿನ ಮಕ್ಕಳಿಗೆ ಆಟ ಕಲಿಸುವವನೊಬ್ಬನು ಬೇಕು. ಹಾರ್ಮೋನಿಯಮ್ಮಿನ ಸಪ್ಪಳ ತಾಳದವನು ಹೊಸ ಕೀರ್ತನೆಯನ್ನು ಮನೆಯ ಜಗಲಿಯಲ್ಲಿ ಒಬ್ಬ ಗೆಳೆಯನ ಸಂಗಡ ಮೆಲುದನಿಯಲ್ಲಿ ಕಲಿಯಬಹುದು. ಯಾವದನ್ನು ಕೊಟ್ಟರೂ ಕರುಣೆಯ ಭಿಕ್ಷೆಯಾಗಿ ಕೊಡಬೇಡಿರಿ. ಅವನು ಬೇಕಾದವನೆಂದು ಕರೆಯಿರಿ.

ನಮ್ಮ ಹುಡುಗನ ವಿಷಯವನ್ನು ಹೇಳಿ ಮುಗಿಸುವೆವು. ಯಾರ ಎದುರಿನಲ್ಲಿ ಅವನನ್ನು ಅವಮಾನಪಡಿಸಿದೆವೋ ಅವರ ಎದುರಿನಲ್ಲಿಯೇ ನಾವು ಅವನ ಕ್ಷಮೆ ಕೇಳಿಕೊಂಡೆವು. ತಂದೆಗೆ ನಾವು ಬಹಳ ಹೇಳಬೇಕಾಗಲಿಲ್ಲ. ಎತ್ತಿನ ಮಾತನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎತ್ತಿಗೆ ನಾನು ಒಂದು ತಿಂಗಳು ಕಾದಿದ್ದೆ” ಎಂದನು. ಈಗ ಮಗನು ಬೆಳಗಿನ ಹೊತ್ತು ಹೊಲಕ್ಕೆ ಹೋಗುತ್ತಾನೆ, ಬಿಸಿಲೇರುವ ಮುಂಚೆ ಬರುತ್ತಾನೆ. ಗಾಯನ ಮಂಡಳಿಯಲ್ಲಿ ಎರಡು ಕೀರ್ತನೆಗಳ ವರೆಗೆ ಕೂತು, ತಲೆ ಭಾರವಾದರೆ ಎದ್ದು ಹೊರಗಿನ ಬೇವಿನ ಮರದ ಕೆಳಗೆ ಹೋಗುತ್ತಾನೆ. ಯಾಕೆ ಎದ್ದಿಯೆಂದು ಯಾರೂ ಕೇಳುವದಿಲ್ಲ. ಗಟ್ಟಿ ಚೆಂಡಿನ ಆಟಕ್ಕೆ ವೈದ್ಯರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಸಂಜೆಯಾದರೆ ಆ ಸಣ್ಣ ಹುಡುಗರು ಮನೆಯ ಮುಂದೆ ನಿಂತು ಅವನನ್ನು ಅಣ್ಣಾ ಎಂದು ಕೂಗುತ್ತಾರೆ. ತಂದೆಯೇ ಒಳಗೆ ತಿರುಗಿ, “ಹುಡುಗರು ಬಂದಿದ್ದಾರೆ, ಹೋಗು” ಎನ್ನುತ್ತಾನೆ.

ಸಭೆಯ ಹಿರಿಯರೇ, ತಾಯಿತಂದೆಗಳೇ, ನಿಮ್ಮ ಊರಿನಲ್ಲಿಯೂ ಬಿದ್ದು ಎದ್ದ ಒಬ್ಬನು ಇರಬಹುದು. ಈ ವಾರ ಅವನ ಮನೆಗೆ ಹೋಗಿರಿ. ಬುದ್ಧಿ ಹೇಳುವದಕ್ಕಲ್ಲ, ಸಂಗಡ ಕೂತುಕೊಳ್ಳುವದಕ್ಕೆ. ಯೂತಿಕನು ಬಿದ್ದಾಗ ಪೌಲನು ತನ್ನ ಪ್ರಸಂಗವನ್ನು ಅಲ್ಲಿಗೇ ನಿಲ್ಲಿಸಿ ಕೆಳಗೆ ಇಳಿದು ಹೋದನೆಂಬದನ್ನು ಉಪದೇಶಿಗಳಾದ ನಾವು ಮೊದಲು ಕಲಿಯೋಣ. ಬಿದ್ದವರನ್ನು ಎತ್ತುವ ಕರ್ತನು ನಮ್ಮ ಯೌವನಸ್ಥರ ತಲೆಗಳನ್ನೂ ಮನಸ್ಸುಗಳನ್ನೂ ಕಾಪಾಡಲಿ. ಕಾಣದ ಗಾಯವನ್ನು ನಂಬುವ ಹೃದಯವನ್ನು ನಮಗೆ ದಯಪಾಲಿಸಲಿ.